ನಾಲ್ಕು ಊರು, ಒಂದು ಲೆಕ್ಕ

ಬಯಲುಸೀಮೆಯ ರಾಜಧಾನಿಗಳು ದೂರದಿಂದಲೇ ತಮ್ಮ ಇರವನ್ನು ಸಾರುತ್ತವೆ. ಬಿಜಾಪುರದ ಗುಮ್ಮಟ ಊರು ಸೇರುವ ಮೊದಲೇ ಕಣ್ಣಿಗೆ ಬೀಳುತ್ತದೆ. ಮಲೆನಾಡಿನ ರಾಜಧಾನಿಗಳ ರೀತಿ ಬೇರೆ. ಬಾಗಿಲ ಮುಂದೆ ನಿಂತಾಗಲೂ ಇದೇನೆ ಆ ಊರು ಎಂದು ಯಾರನ್ನಾದರೂ ಕೇಳಬೇಕಾಗುತ್ತದೆ. ಸಾಗರದ ದಾರಿಯಲ್ಲಿ ಜೋಗಕ್ಕೆ ಹೋಗುವವರಿಗೆ ಲೆಕ್ಕವಿಲ್ಲ. ಆ ದಾರಿಯ ಎಡಕ್ಕೂ ಬಲಕ್ಕೂ ಒಂದೊಂದು ಹಳೆಯ ರಾಜಧಾನಿಯಿದೆಯೆಂಬುದನ್ನು ನೆನೆದು ಗಾಡಿ ತಿರುಗಿಸುವವರು ಕಡಮೆ.

ಕೆಳದಿಯ ನಾಯಕರು ಸುಮಾರು 1500ರಿಂದ 1763ರವರೆಗೆ ಈ ಸೀಮೆಯನ್ನು ಆಳಿದರು. ವಿಜಯನಗರಕ್ಕೆ ಅಧೀನರಾಗಿ ಮೊದಲು ಮಾಡಿ, ಅದು ಕುಸಿದ ಮೇಲೆ ಸ್ವತಂತ್ರರಾಗಿ, ಘಟ್ಟದ ಮೇಲಿನ ಅಡಕೆ ಮೆಣಸುಗಳನ್ನೂ ಘಟ್ಟದ ಕೆಳಗಿನ ಅಕ್ಕಿಯನ್ನೂ ಒಂದೇ ಕೈಯಲ್ಲಿ ಹಿಡಿದರು. ಈ ಎರಡೂವರೆ ಶತಮಾನದಲ್ಲಿ ಅವರ ಗದ್ದುಗೆ ಮೂರು ಊರುಗಳಲ್ಲಿ ಕುಳಿತಿತು: ಕೆಳದಿ, ಇಕ್ಕೇರಿ, ಬಿದನೂರು. ಆಪತ್ಕಾಲದ ಆಸರೆಗೆಂದು ನಾಲ್ಕನೆಯದೊಂದಿತ್ತು, ಕವಲೇದುರ್ಗ. ನಾಲ್ಕನ್ನೂ ಎರಡು ದಿನಗಳಲ್ಲಿ ನೋಡಿ ಬರಬಹುದು. ಕಳೆದ ಮಾಗಿಯಲ್ಲಿ ನಾವು ಮನೆಮಂದಿ ಹಾಗೆ ನೋಡಿ ಬಂದೆವು.

ನಾವು ಐವರು. ನಾನು, ನನ್ನ ಹೆಂಡತಿ, ಒಂಬತ್ತನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ, ಎಪ್ಪತ್ತು ದಾಟಿದ ನಮ್ಮ ಅತ್ತೆಯವರು. ಅತ್ತೆಯವರು ಹೊಸನಗರದ ಕಡೆಯವರು. "ನೀವು ಕಲ್ಲು ನೋಡುವುದಕ್ಕೆ ಹೋಗುತ್ತೀರಿ, ನಾನು ನೀರು ನೋಡುವುದಕ್ಕೆ ಬರುತ್ತೇನೆ" ಎಂದು ಹೇಳಿಯೇ ಅವರು ಹೊರಟರು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿ ಬೆಳಗ್ಗೆ ಸಾಗರದಲ್ಲಿಳಿದು, ಬಿಸಿಬಿಸಿ ಕಾಫಿ ಕುಡಿದು, ಬಾಡಿಗೆಯ ಕಾರಿನಲ್ಲಿ ಕೆಳದಿಗೆ ನಡೆದೆವು.

ಕೆಳದಿ ಈಗ ಗದ್ದೆ ತೋಟಗಳ ನಡುವಿನ ಒಂದು ಹಳ್ಳಿ. ರಾಮೇಶ್ವರ, ವೀರಭದ್ರ ದೇವರ ಗುಡಿಗಳು ಒಂದೇ ಅಂಗಳದಲ್ಲಿ ಒತ್ತೊತ್ತಾಗಿ ನಿಂತಿವೆ. ವೀರಭದ್ರನ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ಗಂಡಭೇರುಂಡ. ಕೊಕ್ಕು ಉಗುರುಗಳಲ್ಲಿ ಆನೆ ಸಿಂಹಗಳನ್ನು ಹಿಡಿದು ನಿಂತ ಆ ಹಕ್ಕಿಯನ್ನು ನೋಡುತ್ತ ನಮ್ಮ ಮಗ ಕತ್ತು ನೋಯುವವರೆಗೆ ಕದಲಲಿಲ್ಲ. ಊರಿನ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳೂ ಹಳೆಯ ಕಡತಗಳೂ ಇವೆ. ಅರಮನೆಗಳನ್ನು ಕಾಯುವುದಕ್ಕೆ ಸೈನ್ಯ ಬೇಕು. ಓಲೆಗರಿ ಕಾಯುವುದಕ್ಕೆ ಶ್ರದ್ಧೆಯ ಒಂದೆರಡು ಮನೆಗಳಿದ್ದರೆ ಸಾಕೆಂಬುದು ಅಲ್ಲಿ ತಿಳಿಯುತ್ತದೆ.

ಈ ವಂಶದ ಹುಟ್ಟಿನ ಕಥೆಯನ್ನು ಇಲ್ಲಿ ಹೇಳಬೇಕು. ಚೌಡಪ್ಪ ಭದ್ರಪ್ಪರೆಂಬ ಅಣ್ಣತಮ್ಮಂದಿರು ಒಕ್ಕಲು ಮಕ್ಕಳು. ಅವರ ಹಸು ಹುತ್ತವೊಂದರ ಮೇಲೆ ಹಾಲು ಸುರಿಸುತ್ತಿತ್ತಂತೆ. ಅಗೆದಾಗ ಲಿಂಗ ಸಿಕ್ಕಿತು. ಮುಂದೆ ನೆಲದಲ್ಲಿ ನಿಧಿಯಿರುವುದು ತಿಳಿಯಿತು, ಆದರೆ ಅದು ನರಬಲಿಯನ್ನು ಬೇಡಿತು. ಮನೆಯ ಇಬ್ಬರು ಆಳುಗಳು, ಯಾದವ ಮತ್ತು ಮುರಾರಿ ಎಂಬವರು, ತಮ್ಮ ಹೆಸರು ಅಳಿಯದಂತೆ ಒಡೆಯನ ಹೆಸರಿನೊಡನೆ ಸೇರಲಿ ಎಂದು ಮಾತು ಪಡೆದು ತಲೆಯೊಪ್ಪಿಸಿದರಂತೆ. ಕೆಳದಿಯ ಅರಸರ ಬಿರುದಾವಳಿಯಲ್ಲಿ 'ಯಾದವ ಮುರಾರಿ' ಎಂದಿರುವುದಕ್ಕೆ ಜನ ಹೇಳುವ ಕಾರಣ ಇದು. ಹಸು, ಹುತ್ತ, ನಿಧಿಗಳ ಕಥೆ ನಮ್ಮ ನಾಡಿನ ಹತ್ತು ವಂಶಗಳಿಗೆ ಉಂಟು. ಇದರಲ್ಲಿ ವಿಶೇಷವೆಂದರೆ, ರಾಜ್ಯ ನಿಂತದ್ದು ಆಳುಗಳ ಪ್ರಾಣದ ಮೇಲೆ ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ. "ಪಾಪ, ಅವರ ಮನೆಯವರಿಗೆ ಏನು ಕೊಟ್ಟರಂತೆ?" ಎಂದು ಮಗಳು ಕೇಳಿದಳು. ಕಥೆ ಅದನ್ನು ಹೇಳುವುದಿಲ್ಲ.

ಕೆಳದಿಯಿಂದ ಹಿಂದಿರುಗಿ, ಸಾಗರವನ್ನು ಹಾದು, ತೆಂಕಣ ದಿಕ್ಕಿಗೆ ಐದಾರು ಕಿಲೋಮೀಟರು ಹೋದರೆ ಇಕ್ಕೇರಿ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿಯೇ ಗದ್ದುಗೆ ಇಲ್ಲಿಗೆ ಬಂದಿತು. ಉಳಿದಿರುವುದು ಅಘೋರೇಶ್ವರನ ದೇವಾಲಯ. ಕರಿಗಲ್ಲಿನ ದೊಡ್ಡ ಕಟ್ಟಡ, ಎದುರಿಗೆ ನಂದಿಯ ಮಂಟಪ. ಹೊಯ್ಸಳರ ಕುಸುರಿಯನ್ನೂ ವಿಜಯನಗರದ ಗಾತ್ರವನ್ನೂ ಬಲ್ಲ ಕೈಗಳು ಇಲ್ಲಿ ಕೂಡಿ ಕೆಲಸ ಮಾಡಿವೆ. ಗರ್ಭಗುಡಿಯ ಪೀಠ ಬಹು ದೊಡ್ಡದು, ಆದರೆ ಅದಕ್ಕೆ ತಕ್ಕ ಮೂರ್ತಿ ಈಗಿಲ್ಲ. ಮುಂದಿನ ನೆಲದ ಹಾಸುಗಲ್ಲಿನ ಮೇಲೆ ನಮಸ್ಕರಿಸುವ ಮೂವರು ನಾಯಕರ ರೂಪಗಳನ್ನು ಕೊರೆದಿದ್ದಾರೆ. ಅವರಲ್ಲಿ ಒಬ್ಬನ ಕೈಕಾಲಿಗೆ ಸಂಕೋಲೆ. ಬುದ್ಧಿ ಕೆಟ್ಟ ಅರಸನೆಂದು ಹೇಳುತ್ತಾರೆ. ದೇವರ ಮುಂದೆ ಅವನನ್ನೂ ಬಿಡಲಿಲ್ಲ, ಅವನ ಸಂಕೋಲೆಯನ್ನೂ ಬಿಡಿಸಲಿಲ್ಲ.

ಇಕ್ಕೇರಿ ತುಂಬಿದ್ದಾಗ ಹೇಗಿತ್ತೆಂಬುದನ್ನು ತಿಳಿಯಲು ನಮಗೊಬ್ಬ ಸಾಕ್ಷಿ ಇದ್ದಾನೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಗೋವೆಯಿಂದ ಹೊರಟು, ಹೊನ್ನಾವರ ಗೇರುಸೊಪ್ಪೆಗಳ ಮೇಲೆ ಘಟ್ಟ ಹತ್ತಿ, ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದ. ಮೆಣಸಿನ ರಾಣಿಯ ಗೇರುಸೊಪ್ಪೆ ಆಗಲೇ ಹಾಳಾಗಿ ಮರ ಬೆಳೆದಿದ್ದುದನ್ನು ಆತ ಕಂಡ. ಇಕ್ಕೇರಿಗೆ ಮೂರು ಸುತ್ತು ಕೋಟೆ ಎಂದು ಬರೆಯುತ್ತಾನೆ. ಆದರೆ ಹೊರಗಿನ ಎರಡು ಸುತ್ತುಗಳು ಕಲ್ಲಿನವಲ್ಲ, ಒತ್ತಾಗಿ ಬೆಳೆಸಿದ ಎತ್ತರದ ಬಿದಿರು. ಕುದುರೆಯಾಗಲಿ ಕಾಲಾಳಾಗಲಿ ನುಸುಳುವಂತಿರಲಿಲ್ಲ. ಮೂರನೆಯದು ಗೋಡೆಯೇ ಆದರೂ ಬಲವಿಲ್ಲದ್ದು. ಊರು ವಿಸ್ತಾರವಾಗಿದ್ದರೂ ಮನೆಗಳು ವಿರಳ. ಕಾಡನ್ನು ಕಡಿದು ನಗರ ಕಟ್ಟುವ ಬದಲು ಕಾಡನ್ನೇ ಕೋಟೆ ಮಾಡಿಕೊಂಡ ಜನ ಇವರು.

ಆ ಪ್ರವಾಸಿ ಬರೆದಿಟ್ಟ ಇನ್ನೊಂದು ಸಂಗತಿ ನನಗೆ ಆಸ್ಥಾನದ ಆನೆಗಳಿಗಿಂತ ದೊಡ್ಡದಾಗಿ ತೋರುತ್ತದೆ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರುಗಳಿರಲಿಲ್ಲ. ಒಬ್ಬ ಹುಡುಗ ರಾಗವಾಗಿ ಒಂದು ಸಾಲು ಹೇಳುತ್ತ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕೆ ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವರು. ನೀವು ಮರೆತರೆ, ತಪ್ಪಿದರೆ, ತಿದ್ದುವವರು ಯಾರು ಎಂದು ಆತ ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂಬ ಅರ್ಥದ ಉತ್ತರ ಬಂದಿತು. ಇಕ್ಕೇರಿಯ ಮಂಟಪದಲ್ಲಿ ಕುಳಿತು ಇದನ್ನು ಹೇಳಿದಾಗ ಅತ್ತೆಯವರು ನಕ್ಕರು. "ನಾವೂ ಮರಳಿನ ಮೇಲೇ ತಿದ್ದಿದ್ದು. ಮಗ್ಗಿ ರಾಗವಾಗಿ ಹೇಳದಿದ್ದರೆ ನಮ್ಮ ಮೇಷ್ಟ್ರಿಗೆ ಆಗುತ್ತಿರಲಿಲ್ಲ" ಎಂದರು. ಮುನ್ನೂರು ನಲವತ್ತು ವರ್ಷ ಕಳೆದಿದ್ದರೂ ಆ ಶಾಲೆ ನಡೆಯುತ್ತಲೇ ಇದ್ದಿತೆಂದು ಆಯಿತು.

1637-38ರ ಸುಮಾರಿಗೆ ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದಿತು. ಬಿದಿರಿನ ಬೇಲಿ ತಡೆಯಲಿಲ್ಲ. ವೀರಭದ್ರನಾಯಕ ಗದ್ದುಗೆಯನ್ನು ಇನ್ನೂ ಒಳಗಣ ಕಾಡಿಗೆ, ಬಿದನೂರಿಗೆ ಒಯ್ದ. ಟಂಕಸಾಲೆಯೂ ಅಲ್ಲಿಗೆ ಹೋಯಿತು. ಆದರೂ ಅಲ್ಲಿ ಅಚ್ಚಾದ ನಾಣ್ಯವನ್ನು ಜನ ಇಕ್ಕೇರಿ ವರಹವೆಂದೇ ಕರೆದರು. ಊರು ಹೋದ ಮೇಲೂ ಅದರ ಹೆಸರು ಪೇಟೆಗಳಲ್ಲಿ ಕೈಯಿಂದ ಕೈಗೆ ನಡೆಯಿತು.

ಇಕ್ಕೇರಿಯಿಂದ ಹೊಸನಗರದ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ಒಂದು ತಿರುವಿನಲ್ಲಿ ಕಾಡು ಹಿಂದೆ ಸರಿದು ನೀರು ಕಂಡಿತು. ಲಿಂಗನಮಕ್ಕಿಯ ಹಿನ್ನೀರು. ಶರಾವತಿಗೆ ಕಟ್ಟಿದ ಆ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆ ಬೆಳಕು ಬಂದಿತು, ಸಾಗರ ಹೊಸನಗರಗಳ ಕಣಿವೆಯ ಹಳ್ಳಿಗಳು ಮುಳುಗಿದವು. ಅತ್ತೆಯವರ ತವರು ಅವುಗಳಲ್ಲಿ ಒಂದು. ಆಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಜಲಾಶಯದ ಪೂರ್ಣಮಟ್ಟ 1819 ಅಡಿ ಎಂಬುದು ಶಿವಮೊಗ್ಗದ ಕಡೆಯ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಪತ್ರಿಕೆಗಳು ಅದನ್ನು ದಿನವೂ ಅಚ್ಚುಮಾಡುತ್ತವೆ. ಊರವರೆಲ್ಲ ನೀರು ಏರಲೆಂದು ಆ ಅಂಕೆಯನ್ನು ನೋಡಿದರೆ, ಅತ್ತೆಯವರು ಬೇಸಗೆಯಲ್ಲಿ ಅದು ಎಷ್ಟು ಇಳಿಯಿತೆಂದು ನೋಡುತ್ತಾರೆ. ಕಾರು ನಿಲ್ಲಿಸಿ ಎಲ್ಲರೂ ಇಳಿದೆವು. ಅವರು ಕೈ ಚಾಚಿ, "ಅಲ್ಲಿ ನಮ್ಮ ಕಣ. ಅದರಾಚೆ ತೋಟ. ತೋಟದ ತಲೆಯಲ್ಲಿ ಭೂತನ ಕಲ್ಲು" ಎಂದು ಮಕ್ಕಳಿಗೆ ತೋರಿಸಿದರು. ಮಕ್ಕಳು ನೀರನ್ನು ನೋಡಿದರು. ಹಾಗೆ ಎದ್ದ ಕುಟುಂಬಗಳಿಗೆ ಬೇರೆ ಕಡೆ ಕಾಡಿನ ನೆಲ ತೋರಿಸಿದರು. ಆ ನೆಲದ ಹಕ್ಕುಪತ್ರಕ್ಕಾಗಿ ಎಷ್ಟೋ ಮಂದಿ ದಶಕಗಳ ಕಾಲ ಅಲೆದರು. ಇದನ್ನು ಇಲ್ಲಿ ಹೇಳಲು ಕಾರಣವುಂಟು. ಮರುದಿನ ನಾವು ನೋಡಲಿದ್ದ ಊರಿನ ಕೀರ್ತಿಯೆಲ್ಲ ನೆಲದ ಲೆಕ್ಕದ ಮೇಲೆ ನಿಂತದ್ದು.

ಹೊಸನಗರದಲ್ಲಿ ರಾತ್ರಿ ಕಳೆದು ಭಾನುವಾರ ಬೆಳಗ್ಗೆ ನಗರಕ್ಕೆ ಹೋದೆವು. ಬಿದನೂರು ಎಂದರೆ ಬಿದಿರಿನ ಊರು. ಹೈದರಾಲಿಯ ಕಾಲದಲ್ಲಿ ಹೈದರನಗರವಾಗಿ, ಆಮೇಲೆ ಬರಿಯ ನಗರವಾಯಿತು. ಹೊಸನಗರದ ಹಳೆಯ ಹೆಸರು ಕಲ್ಲೂರುಕಟ್ಟೆ. ತಾಲ್ಲೂಕು ಕಚೇರಿ ಅಲ್ಲಿಗೆ ಹೋದ ಮೇಲೆ ಅದು ಹೊಸನಗರವೆನಿಸಿಕೊಂಡಿತು, ಇದು ಹಳೆಯ ನಗರವಾಗಿ ಉಳಿಯಿತು. ಹೆಸರಿಗೆ ನಗರವಾದರೂ ಇಂದು ನೋಡಿದರೆ ಒಂದು ಬೀದಿ, ನಾಲ್ಕು ಅಂಗಡಿ, ಒಂದು ಬಸ್ಸಿನ ನಿಲ್ದಾಣ. ಕೆರೆಯ ಪಕ್ಕದ ದಿಬ್ಬದ ಮೇಲೆ ಕೋಟೆಯ ಗೋಡೆಗಳು. ಒಂದು ಕಾಲಕ್ಕೆ ಇಲ್ಲಿ ಲಕ್ಷ ಮನೆಗಳಾಗುವುದರಲ್ಲಿತ್ತು ಎಂಬ ಪ್ರತೀತಿಯನ್ನು ಆ ಬೀದಿಯಲ್ಲಿ ನಿಂತು ನಂಬುವುದು ಕಷ್ಟ. ಆದರೆ ಬಿದನೂರು ಬೆಳೆದುದಕ್ಕೆ ಕಾರಣ ಸ್ಪಷ್ಟವಾಗಿದೆ. ಇಲ್ಲಿಂದ ಘಟ್ಟದ ದಾರಿ ನೇರವಾಗಿ ಕುಂದಾಪುರ ಬಸರೂರುಗಳಿಗೆ ಇಳಿಯುತ್ತದೆ. ಮೇಲಿನಿಂದ ಮೆಣಸು ಅಡಕೆ ಇಳಿಯಬೇಕು, ಕೆಳಗಿನಿಂದ ಉಪ್ಪು ಮೀನು ಏರಬೇಕು. ಎತ್ತಿನ ಹೇರುಗಳು ದಣಿವಾರಿಸಿಕೊಳ್ಳುವ ಜಾಗದಲ್ಲಿ ಪೇಟೆ ಹುಟ್ಟುತ್ತದೆ, ಪೇಟೆಯ ಬೆನ್ನಿಗೆ ಅರಮನೆ ಬರುತ್ತದೆ.

ಶಿವಪ್ಪನಾಯಕ (1645–1660) ಆಳಿದುದು ಇಲ್ಲಿಂದ. ಹೊನ್ನಾವರ ಬಸರೂರುಗಳ ಪೋರ್ಚುಗೀಸ್ ಕೋಟೆಗಳನ್ನು ಆತ ಕಸಿದುಕೊಂಡ. ಆದರೆ ನಾಡಿನ ನಾಲಗೆಯ ಮೇಲೆ ಆತನ ಹೆಸರು ಉಳಿದಿರುವುದು ಕೋಟೆಗಳಿಂದಲ್ಲ, ಶಿಸ್ತಿನಿಂದ. 'ಶಿಸ್ತಿನ ಶಿವಪ್ಪನಾಯಕ' ಎಂಬ ಮಾತನ್ನು ಕೇಳಿದ್ದ ನಮ್ಮ ಮಗಳು ಆತ ಡ್ರಿಲ್ ಮೇಷ್ಟ್ರಂಥ ಅರಸನಿರಬೇಕೆಂದು ತಿಳಿದಿದ್ದಳು. ಶಿಸ್ತು ಎಂದರೆ ಇಲ್ಲಿ ಕಂದಾಯದ ನಿಗದಿ.

ಆತ ಮಾಡಿದುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹಳ್ಳಿಹಳ್ಳಿಯಲ್ಲಿಯೂ ಸ್ವಲ್ಪ ನೆಲವನ್ನು ಅರಮನೆಯ ಲೆಕ್ಕದಲ್ಲೇ ಸಾಗುವಳಿ ಮಾಡಿಸಿದ. ಬೀಜಕ್ಕೆಷ್ಟು, ಆಳಿಗೆಷ್ಟು, ಬಂದ ಬೆಳೆ ಎಷ್ಟು, ಅದಕ್ಕೆ ಪೇಟೆಯಲ್ಲಿ ದೊರೆತ ಬೆಲೆ ಎಷ್ಟು ಎಂಬುದನ್ನು ಹನ್ನೆರಡು ವರ್ಷ ಬರೆಯಿಸಿದ. ಒಳ್ಳೆಯ ಮಳೆಯ ವರ್ಷವನ್ನು ನೋಡಿ ಹಿಗ್ಗಲಿಲ್ಲ, ಕೆಟ್ಟ ವರ್ಷವನ್ನು ನೋಡಿ ಕುಗ್ಗಲಿಲ್ಲ, ಸರಾಸರಿ ತೆಗೆದ. ನೆಲವನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದಾಗಿ ವಿಂಗಡಿಸಿದ. ಗದ್ದೆಯನ್ನು ಬಿತ್ತುವ ಖಂಡುಗದಿಂದಲೂ ಅಡಕೆ ತೋಟವನ್ನು ಸಾವಿರ ಮರದ ಲೆಕ್ಕದಿಂದಲೂ ಎಣಿಸಿದ. ಹುಟ್ಟುವಳಿಯ ಮೂರರಲ್ಲಿ ಒಂದು ಪಾಲು ಅರಸನಿಗೆ ಎಂದು ಗೊತ್ತುಮಾಡಿದ. ಮೂರರಲ್ಲೊಂದು ಕಡಮೆಯೇನಲ್ಲ. ಆದರೆ ಒಕ್ಕಲಿಗನಿಗೆ ಮುಂದಿನ ವರ್ಷ ತಾನು ಕೊಡಬೇಕಾದುದೆಷ್ಟು ಎಂಬುದು ಇಂದೇ ಗೊತ್ತಿತ್ತು. ಅಡಕೆಯ ಸಸಿ ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯುವವನಿಗೆ ಇದಕ್ಕಿಂತ ದೊಡ್ಡ ಭರವಸೆ ಬೇರೆ ಯಾವುದು? ನೂರನಲವತ್ತು ವರ್ಷಗಳ ಮೇಲೆ, 1801ರಲ್ಲಿ, ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಸುತ್ತಿದಾಗಲೂ ಕಂದಾಯದ ಮಾತು ಬಂದಲ್ಲಿ ಶಿವಪ್ಪನಾಯಕನ ಹೆಸರು ಬರುತ್ತಿತ್ತು.

ಊರಿನ ಸಮೀಪದಲ್ಲಿಯೇ ದೇವಗಂಗೆಯ ಕೊಳಗಳಿವೆ. ಕಾಡಿನ ಒರತೆಯ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಇಂದಿಗೂ ಹರಿಯುತ್ತದೆ. ಅರಮನೆಯವರು ಮೀಯುತ್ತಿದ್ದ ನೀರಿನಲ್ಲಿ ನಮ್ಮ ಮಗ ಕಾಲಿಳಿಬಿಟ್ಟು ಕುಳಿತ.

ಬಿದನೂರಿನ ಸಂಪತ್ತೇ ಅದಕ್ಕೆ ಮುಳುವಾಯಿತು. 1763ರ ಮೊದಲ ತಿಂಗಳುಗಳಲ್ಲಿ ಹೈದರಾಲಿ ಬಂದ. ಒಳದಾರಿ ಬಲ್ಲವರು ಅವನಿಗೆ ದಾರಿ ತೋರಿಸಿದರು. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿಯಿಡಲು ಹೇಳಿ ಹೊರಟುಹೋದಳು. ಮುಂದೆ ಸೆರೆಸಿಕ್ಕಿ ಮಧುಗಿರಿಯಲ್ಲಿದ್ದಳು. 1767ರಲ್ಲಿ ಮರಾಠರು ಬಿಡಿಸಿದರು, ಪುಣೆಯ ದಾರಿಯಲ್ಲೇ ತೀರಿಕೊಂಡಳು. ಹೈದರನ ಬೆಂಕಿ ಆರಿಸಿದ ಜನ ಶ್ರೀಮಂತರ ಮನೆಗಳಿಗೆ ಮೊಹರು ಹಾಕಿದರು. ತನ್ನ ಏಳಿಗೆಗೆ ಈ ಊರೇ ಬುನಾದಿ ಎಂದು ಹೈದರನು ಬಗೆದಿದ್ದ, ಇದನ್ನೇ ರಾಜಧಾನಿ ಮಾಡಿಕೊಳ್ಳುವ ಯೋಚನೆಯೂ ಇದ್ದಿತು. ಇಲ್ಲಿ ಆತ ಅಚ್ಚುಹಾಕಿಸಿದ ವರಹದ ಒಂದು ಮುಖದಲ್ಲಿ ಅವನ ಹೆಸರಿನ ಮೊದಲಕ್ಷರವಿದೆ. ಇನ್ನೊಂದು ಮುಖದಲ್ಲಿ ಇಕ್ಕೇರಿ ವರಹದ ಶಿವಪಾರ್ವತಿಯರು ಇದ್ದಂತೆಯೇ ಇದ್ದಾರೆ. ಜನ ನಂಬಿದ ನಾಣ್ಯದ ಮುಖವನ್ನು ಗೆದ್ದವನೂ ಅಳಿಸಲಿಲ್ಲ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಊರು ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದ. ಇಪ್ಪತ್ತು ವರ್ಷಗಳಲ್ಲಿ ಮೂರು ಮುತ್ತಿಗೆಗಳನ್ನು ಕಂಡ ಪೇಟೆಯಲ್ಲಿ ಯಾವ ಸೆಟ್ಟಿ ಅಂಗಡಿ ತೆರೆದಾನು?

ಇಷ್ಟಾದರೂ ನಗರದ ಕಥೆ ಮುಗಿಯಲಿಲ್ಲ. 1830ರಲ್ಲಿ ನಗರಸೀಮೆಯ ರೈತರು ಎದ್ದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಕಂದಾಯವನ್ನು ಹೆಚ್ಚು ಹಣ ಎತ್ತಿಕೊಡುವ ಅಧಿಕಾರಿಗಳಿಗೆ ಒಪ್ಪಿಸುವ ಪದ್ಧತಿ ನಡೆದಿತ್ತು, ಒಕ್ಕಲಿಗನ ಭಾರಕ್ಕೆ ಮಿತಿಯಿರಲಿಲ್ಲ. ತಾನು ಕೆಳದಿಯ ವಂಶದವನೆಂದು ಬೂದಿ ಬಸವಪ್ಪನೆಂಬಾತ ಮುಂದೆ ಬಂದಾಗ ಜನ ಅವನ ಹಿಂದೆ ನಿಂತರು. ವಂಶಾವಳಿಯನ್ನು ಕೇಳುವ ಗೊಡವೆ ಅವರಿಗೆ ಇದ್ದಂತೆ ತೋರುವುದಿಲ್ಲ. ಗೊತ್ತಾದ ಕಂದಾಯದ ಕಾಲ ಒಂದಿತ್ತು, ಅದು ನಾಯಕರ ಕಾಲ, ಅಷ್ಟೇ ಅವರಿಗೆ ಸಾಕಾಗಿದ್ದಿರಬೇಕು ಎಂಬುದು ನನ್ನ ಅಭಿಪ್ರಾಯ. ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯ ಬಂದಿತು. ಇದನ್ನೇ ಕಾರಣಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡ. ಅದು ಒಡೆಯರ ಮನೆತನಕ್ಕೆ ಮರಳಿದುದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಈಗ ನಾಲ್ಕು ಅಂಗಡಿಯ ಈ ಊರಿನ ಸುತ್ತಲಿನ ಗದ್ದೆಗಳಲ್ಲಿ ಎದ್ದ ಸದ್ದು ಇಡೀ ಮೈಸೂರು ಸಂಸ್ಥಾನದ ಅರ್ಧ ಶತಮಾನವನ್ನು ಬದಲಿಸಿತು.

ಮಧ್ಯಾಹ್ನಕ್ಕೆ ಕವಲೇದುರ್ಗ ತಲುಪಿದೆವು. ತೀರ್ಥಹಳ್ಳಿಯ ದಾರಿಯಲ್ಲಿ ಒಳಗೆ ತಿರುಗಿ, ಗದ್ದೆಯ ಅಂಚಿನಲ್ಲಿ ನಡೆದು, ಕಲ್ಲುಹಾಸಿನ ದಾರಿಯಲ್ಲಿ ಏರಬೇಕು. ಹಿಂದೆ ಇದಕ್ಕೆ ಭುವನಗಿರಿ ಎಂದು ಹೆಸರು. ಅತ್ತೆಯವರು ಮೊದಲ ಬಾಗಿಲವರೆಗೆ ಬಂದು, "ಇಷ್ಟು ಸಾಕು, ರಾಣಿಯನ್ನು ನೀವು ಮಾತಾಡಿಸಿ ಬನ್ನಿ" ಎಂದು ಕಲ್ಲಿನ ಮೇಲೆ ಕುಳಿತರು. ರಾಣಿ ಎಂದರೆ ಚೆನ್ನಮ್ಮಾಜಿ. 1672ರ ಸುಮಾರಿನಿಂದ ಕಾಲು ಶತಮಾನ ಆಳಿದವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಓಡುತ್ತಿದ್ದಾಗ ಆಸರೆ ಕೊಟ್ಟು ದಾಟಿಸಿದವಳು. ಆ ವೇಳೆಗೆ ಔರಂಗಜೇಬನು ಬಿಜಾಪುರ ಗೋಲ್ಕೊಂಡಗಳನ್ನು ನುಂಗಿದ್ದ. ಅಂಥವನ ಹಗೆಯನ್ನು ಮಲೆನಾಡಿನ ಒಬ್ಬ ವಿಧವೆ ತಾನಾಗಿ ಮೈಮೇಲೆ ಎಳೆದುಕೊಂಡಳು. ಸೈನ್ಯ ಬಂದಿತು, ಕಾಡು ಮಳೆ ಕೋಟೆಗಳು ಅವಳ ಕಡೆ ನಿಂತವು, ಕೊನೆಗೆ ಸಂಧಿಯಲ್ಲಿ ಮುಗಿಯಿತು.

ದುರ್ಗದ ಮೇಲೆ ಅರಮನೆಯ ಅಡಿಪಾಯ ಮಾತ್ರ ಉಳಿದಿದೆ. ಕೋಣೆಗಳ ಗೆರೆ, ಒಂದು ಕೊಳ, ಅಡಿಗೆಮನೆಯ ಜಾಗದಲ್ಲಿ ಕಲ್ಲಿನ ಒಲೆ. ನನ್ನ ಹೆಂಡತಿ ಬೇರೆಲ್ಲವನ್ನೂ ಬಿಟ್ಟು ಆ ಒಲೆಯ ಮುಂದೆ ಕುಳಿತುಕೊಂಡಳು. ಓಡಿಬಂದ ಅತಿಥಿಗೆ ಎಲ್ಲಿಯಾದರೂ ಅನ್ನ ಬೆಂದಿರಲೇಬೇಕಲ್ಲ ಎಂದಳು. ಶಿಖರದ ಗುಡಿಯಿಂದ ನೋಡಿದರೆ ಮಲೆಯ ಹಿಂದೆ ಮಲೆ, ನಡುವೆ ಬಿಸಿಲಿಗೆ ಹೊಳೆಯುವ ಹಿನ್ನೀರು.

ಈ ನಾಲ್ಕು ಊರುಗಳನ್ನು ಒಂದೇ ಉಸಿರಿನಲ್ಲಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಯಾವ ಒಂದು ಊರೂ ಪೂರ್ತಿ ಕಥೆಯನ್ನು ಹೇಳುವುದಿಲ್ಲ. ಕೆಳದಿ ಇಬ್ಬರು ಆಳುಗಳ ಹೆಸರನ್ನು ಇಟ್ಟುಕೊಂಡಿದೆ. ಇಕ್ಕೇರಿ ತನ್ನ ಹೆಸರನ್ನು ನಾಣ್ಯಕ್ಕೆ ಕೊಟ್ಟಿದೆ. ನಗರ ಕಂದಾಯದ ಲೆಕ್ಕವನ್ನು ನೆನೆಯುತ್ತದೆ, ಕವಲೇದುರ್ಗ ಕೊಟ್ಟ ಆಸರೆಯನ್ನು. ಜಗಲಿಯ ಹುಡುಗರು ಹೇಳಿದಂತೆ ನಾಲ್ಕೂ ಒಂದೇ ಕಡೆ ಮರೆತಿಲ್ಲ. ಒಂದು ಊರು ಬಿಟ್ಟುದನ್ನು ಇನ್ನೊಂದು ತುಂಬಿಕೊಡುತ್ತದೆ, ಆದುದರಿಂದಲೇ ಅರಮನೆಗಳೆಲ್ಲ ಬಿದ್ದ ಮೇಲೂ ಕೆಳದಿಯ ಚರಿತ್ರೆಯನ್ನು ನಾವು ಬಲ್ಲೆವು.

ಮುಳುಗಿದ ಹಳ್ಳಿಗಳಿಗೆ ಆ ಸೌಕರ್ಯವಿಲ್ಲ. ಅವುಗಳಿಗೆ ಗುಡಿಯ ಚಾವಣಿಯಿಲ್ಲ, ನಾಣ್ಯವಿಲ್ಲ, ದೂರದೇಶದ ಪ್ರವಾಸಿಯೊಬ್ಬನ ಕಾಗದವಿಲ್ಲ. ಶಿವಪ್ಪನಾಯಕನ ಶಿಸ್ತಿನಲ್ಲಿ ಉತ್ತಮವೆಂದೋ ಮಧ್ಯಮವೆಂದೋ ಎಣಿಕೆಗೆ ಬಂದಿದ್ದ ಗದ್ದೆಗಳು ಅವು. ಇಂದು ಅವನ್ನು ಬಲ್ಲವರು ಆಗ ಎಂಟು ಹತ್ತು ವರ್ಷದ ಮಕ್ಕಳಾಗಿದ್ದವರು, ಈಗ ಎಪ್ಪತ್ತು ದಾಟಿದವರು. ಅವರಲ್ಲಿ ಒಬ್ಬರು ತಪ್ಪಿದರೆ ತಿದ್ದುವ ಇನ್ನೊಬ್ಬರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಹಿಂದಿರುಗುವ ರೈಲಿನಲ್ಲಿ ಅತ್ತೆಯವರು ತಮ್ಮ ಊರಿನ ಮನೆಗಳನ್ನು ಕಡೆಯಿಂದ ಕಡೆಗೆ ಹೇಳಿದರು: ಯಾರ ಮನೆ, ಎಷ್ಟು ಅಂಕಣ, ಯಾರಿಗೆ ಎಷ್ಟು ಗದ್ದೆ, ಯಾವ ಬಾವಿಯ ನೀರು ಸಿಹಿ. ಮಗಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಹದಿನೇಳು ಮನೆಗಳಾದವು. ಮಲೆನಾಡಿನ ಕಡೆಯ ಹಿರಿಯರು ಮನೆಯಲ್ಲಿರುವ ಓದುಗರು ಇದ್ದರೆ, ಈ ಲೆಕ್ಕವನ್ನು ಅವರಿಂದ ಕೇಳಿ ಬರೆದಿಡುವುದಕ್ಕೆ ಇದು ಸಮಯ.